ಆಟದ ಕಂಪ್ಯೂಟರು ಮುದಿಯಾದಾಗ

2025ರ ಅಕ್ಟೋಬರ್ 14ರಂದು ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳು ಒಂದೇ ದಿನದಲ್ಲಿ ಮುದಿಯಾದವು. ಅವುಗಳ ಒಂದು ತಿರುಪೂ ಸಡಿಲವಾಗಿರಲಿಲ್ಲ, ಒಂದು ತಂತಿಯೂ ಕಳಚಿರಲಿಲ್ಲ. ಹಿಂದಿನ ದಿನ ಹೇಗೆ ಓಡುತ್ತಿದ್ದವೋ ಮರುದಿನವೂ ಹಾಗೆಯೇ ಓಡಿದವು. ಆದರೂ ಅವು ‘ಹಳೆಯವು’ ಎಂಬ ಪಟ್ಟಿಗೆ ಸೇರಿಹೋದವು. 2015ರ ಜುಲೈನಲ್ಲಿ ಬಿಡುಗಡೆಯಾಗಿದ್ದ ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ವಾಡಿಕೆಯ ಬೆಂಬಲ ಅಂದಿಗೆ ಮುಗಿದದ್ದೇ ಇದಕ್ಕೆ ಕಾರಣ. ಅದರ ಸ್ಥಾನಕ್ಕೆ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಏರ್ಪಾಟನ್ನೂ, ಕೆಲವೇ ಅಪವಾದಗಳನ್ನು ಬಿಟ್ಟರೆ 2017-18ರಿಂದೀಚಿನ ಪ್ರೊಸೆಸರನ್ನೂ ಬೇಡುತ್ತದೆ. ಈ ಒಂದು ಕಾರಣಕ್ಕೆ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ಪಾಲಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು.

ಈ ದೂರದ ಲೆಕ್ಕ ಮಲೆನಾಡಿನ ಮನೆಗಳ ಜಗುಲಿಗೂ ಬಂದು ತಲುಪಿತು. ಮಗ ಹೈಸ್ಕೂಲಿನಲ್ಲಿದ್ದಾಗ ‘ಓದಿಗೆ’ ಎಂದು ಜೋಡಿಸಿದ, ಓದಿಗಿಂತ ಹೆಚ್ಚಾಗಿ ಆಟಕ್ಕೇ ದುಡಿದ ಕಂಪ್ಯೂಟರು ಅನೇಕ ಮನೆಗಳಲ್ಲಿದೆ. ಆ ದಿನಗಳಲ್ಲಿ ಇಂಥದೊಂದು ಮಾತುಕತೆ ಅಂಥ ಎಷ್ಟೋ ಮನೆಗಳಲ್ಲಿ ನಡೆದಿರಬೇಕು:

“ಅಪ್ಪಯ್ಯ, ಇದಕ್ಕೆ ಇನ್ನು ಅಪ್‌ಡೇಟ್ ಬರೋದಿಲ್ಲ. ಹೊಸದನ್ನೇ ತಗೊಳ್ಳೋದು ಒಳ್ಳೇದು.”

“ಯಾಕೆ, ಹಾಳಾಯ್ತನಾ?”

“ಹಾಳಾಗ್ಲಿಲ್ಲ. ಹಳೇದಾಯ್ತು.”

“ಬಚ್ಚಲ ಮನೆ ಹಂಡೆನೂ ಹಳೇದೇ. ಸೋರ್ತದಾ ಅಂತ ನೋಡು ಮೊದ್ಲು.”

ಹಾಳಾಗುವುದಕ್ಕೂ ಹಳೆಯದಾಗುವುದಕ್ಕೂ ನಡುವಿನ ಈ ಅಂತರವೇ ಇಡೀ ಪ್ರಶ್ನೆಯ ತಿರುಳು. ಆಟದ ಕಂಪ್ಯೂಟರನ್ನು ಸುಧಾರಿಸಿ ಉಳಿಸಿಕೊಳ್ಳಬೇಕೋ, ಬದಲಿಸಬೇಕೋ ಎಂಬ ತೀರ್ಮಾನವನ್ನು ಹೆಚ್ಚಿನವರು ಆಸೆ ಮತ್ತು ಹಣಗಳ ನಡುವಿನ ಜಗ್ಗಾಟವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಮೊದಲು ಪರೀಕ್ಷೆಯ ಪ್ರಶ್ನೆ. ಆಸೆ ಮತ್ತು ಹಣ ಆಮೇಲೆ ಬರಬೇಕಾದವು. ಪರಿಸರದ ಕಾಳಜಿಯುಳ್ಳವರು “ಆಟವನ್ನೇ ಬಿಟ್ಟರಾಯಿತು” ಎಂದು ಕೈತೊಳೆದುಕೊಳ್ಳುವುದುಂಟು. ಅದು ನ್ಯಾಯವಲ್ಲ. ಮಳೆಗಾಲದ ನಾಲ್ಕು ತಿಂಗಳು ಮನೆಯೊಳಗೇ ಕಳೆಯುವ ಹಳ್ಳಿಯ ಹುಡುಗ ಹುಡುಗಿಯರಿಗೆ ಆ ಯಂತ್ರ ಆಟದ ಬಯಲೂ ಹೌದು, ಕಲಿಕೆಯ ಕೋಣೆಯೂ ಹೌದು. ಅದನ್ನು ಹೆಚ್ಚು ವರ್ಷ ಬಾಳಿಸುವುದು ಹೇಗೆ ಎಂಬುದು ಕೇಳಬೇಕಾದ ಪ್ರಶ್ನೆ.

ಕೊರತೆ ಎಲ್ಲಿದೆ?

ಕೃಷಿ ವಿಜ್ಞಾನದಲ್ಲಿ ‘ಕನಿಷ್ಠದ ನಿಯಮ’ ಎಂಬುದೊಂದಿದೆ. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ 1828ರಲ್ಲಿ ಸೂಚಿಸಿದ, ಮುಂದೆ ಯುಸ್ಟುಸ್ ಫಾನ್ ಲೀಬಿಗ್ ಪ್ರಸಿದ್ಧಿಗೆ ತಂದ ಈ ನಿಯಮದ ಸಾರ ಸರಳವಾಗಿದೆ: ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅಗತ್ಯಕ್ಕಿಂತ ತೀರ ಕಡಿಮೆಯಿರುವ ಪೋಷಕಾಂಶ. ಸತುವಿನ ಕೊರತೆಯಿರುವ ಗದ್ದೆಗೆ ಎಷ್ಟೇ ಯೂರಿಯಾ ಸುರಿದರೂ ಭತ್ತ ಚೇತರಿಸಿಕೊಳ್ಳುವುದಿಲ್ಲ. ಹಣವೂ ಹಳ್ಳದ ನೀರೂ ಕೆಡುತ್ತವೆ, ಅಷ್ಟೆ. ಆದ್ದರಿಂದಲೇ ಗೊಬ್ಬರಕ್ಕಿಂತ ಮೊದಲು ಮಣ್ಣು ಪರೀಕ್ಷೆ.

ಆಟದ ಕಂಪ್ಯೂಟರಿಗೆ ಈ ನಿಯಮ ಚಾಚೂ ತಪ್ಪದೆ ಅನ್ವಯಿಸುತ್ತದೆ. 2017ರಲ್ಲಿ ಜೋಡಿಸಿದ ಒಂದು ಸಾಮಾನ್ಯ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ಇಂಟೆಲ್ ಕೋರ್ ಐ5-7400 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎನ್ವಿಡಿಯಾದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಹೊಸ ಆಟವೊಂದು ಇದರಲ್ಲಿ ತಡವರಿಸಿದರೆ ದೋಷ ಯಾರದು? ‘ಕಂಪ್ಯೂಟರೇ ಹಳೆಯದು’ ಎಂಬುದು ರೋಗನಿದಾನವಲ್ಲ. ‘ತೋಟವೇ ಸರಿಯಿಲ್ಲ’ ಎಂದಂತೆ ಅಷ್ಟೆ.

ನಿದಾನಕ್ಕೆ ದುಬಾರಿ ಉಪಕರಣ ಬೇಕಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟು ಅರ್ಧ ಗಂಟೆ ಆಡಿದರೆ ಬಹುಪಾಲು ತಿಳಿಯುತ್ತದೆ. ಆಟ ತೆರೆದುಕೊಳ್ಳಲು ನಿಮಿಷಗಟ್ಟಲೆ ಹಿಡಿದು, ಡಿಸ್ಕ್ ಸೂಚಕ ನೂರಕ್ಕೆ ನೂರರಲ್ಲೇ ನಿಂತಿದ್ದರೆ ಕೊರತೆ ಹಾರ್ಡ್ ಡಿಸ್ಕಿನದು. ರ‍್ಯಾಮ್ ಪೂರ್ತಿ ತುಂಬಿ, ಆಟ ನಡುನಡುವೆ ಸೆಳೆತ ಬಂದಂತೆ ನಿಲ್ಲುತ್ತಿದ್ದರೆ ಕೊರತೆ ರ‍್ಯಾಮಿನದು. ಗ್ರಾಫಿಕ್ಸ್ ಕಾರ್ಡ್ ಸದಾ ಶೇ. 95ಕ್ಕೂ ಮೇಲ್ಪಟ್ಟು ದುಡಿಯುತ್ತಿದ್ದರೆ ಮಿತಿ ಬಹುತೇಕ ಅದರದೇ. ಸಂದೇಹವಿದ್ದರೆ ಆಟದ ರೆಸಲ್ಯೂಷನ್ ತಗ್ಗಿಸಿ ನೋಡಬಹುದು. ವೇಗ ಚೆನ್ನಾಗಿ ಏರಿದರೆ ಗ್ರಾಫಿಕ್ಸ್ ಕಾರ್ಡ್ ದುರ್ಬಲ. ಸ್ವಲ್ಪವೂ ಏರದಿದ್ದರೆ ಪ್ರೊಸೆಸರ್ ದುರ್ಬಲ. ಪ್ರೊಸೆಸರೇ ಮಿತಿಯಾಗಿರುವ ಯಂತ್ರಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದು ಹಾಕುವುದು, ಸತು ಇಲ್ಲದ ಗದ್ದೆಗೆ ಯೂರಿಯಾ ಸುರಿದಂತೆಯೇ.

ಇದಕ್ಕೂ ಮೊದಲು ಮಾಡಬೇಕಾದ, ಹೆಚ್ಚುಕಡಿಮೆ ಖರ್ಚೇ ಇಲ್ಲದ ಕೆಲಸವೊಂದಿದೆ: ಕ್ಯಾಬಿನೆಟ್ ಬಿಚ್ಚಿ ನೋಡುವುದು. ಬೇಸಿಗೆಯ ಕೆಂಪು ಧೂಳು ಮತ್ತು ಮಳೆಗಾಲದ ತೇವ ಸೇರಿ ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿಯಂತೆ ಹೆಪ್ಪುಗಟ್ಟುತ್ತವೆ. ಎಸ್‌ಎಂಪಿಎಸ್‌ನ ಬೆಚ್ಚನೆಯ ಮೂಲೆಯಲ್ಲಿ ಇರುವೆಗಳು ಸಂಸಾರ ಹೂಡುತ್ತವೆ, ಹಲ್ಲಿ ಮೊಟ್ಟೆಯಿಡುತ್ತದೆ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಏಳೆಂಟು ವರ್ಷಗಳಲ್ಲಿ ಒಣಗಿ ಪುಡಿಯಾಗಿರುತ್ತದೆ. ಶಾಖ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬಳಸುವವರು ಅದನ್ನು ಮುಪ್ಪೆಂದು ಭಾವಿಸುತ್ತಾರೆ. ಒಂದು ಮೆತ್ತನೆಯ ಬ್ರಷ್, ಒಂದು ಸಣ್ಣ ಟ್ಯೂಬು ಪೇಸ್ಟ್, ಒಂದು ಮಧ್ಯಾಹ್ನದ ಬಿಡುವು, ಇಷ್ಟರಿಂದಲೇ ಕೆಲವು ‘ಮುದಿ’ ಯಂತ್ರಗಳು ಎದ್ದು ಕೂರುತ್ತವೆ. ಅದೇ ಮಧ್ಯಾಹ್ನ ಮನೆಯ ಅರ್ಥಿಂಗ್ ಸರಿಯಿದೆಯೇ ಎಂದೂ ನೋಡಿಸುವುದು ಮೇಲು. ಮುಂಗಾರುಪೂರ್ವದ ಗುಡುಗು ಸಿಡಿಲಿಗೆ ಒಂದೇ ಸಂಜೆಯಲ್ಲಿ ಸತ್ತ ಮದರ್‌ಬೋರ್ಡುಗಳು ಈ ಸೀಮೆಯಲ್ಲಿ ಕಡಿಮೆಯೇನಲ್ಲ.

ಸುಧಾರಣೆ ಎಲ್ಲಿಗೆ ನಿಲ್ಲಬೇಕು?

ಪರೀಕ್ಷೆಯ ನಂತರ ಲೆಕ್ಕ. ಮೇಲಿನ ಉದಾಹರಣೆಯ ಯಂತ್ರದಲ್ಲಿ ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದರೆ, 8 ಜಿಬಿ ರ‍್ಯಾಮ್ 16 ಜಿಬಿ ಆದರೆ ದಿನನಿತ್ಯದ ಅನುಭವವೇ ಬದಲಾಗುತ್ತದೆ. ಹಳೆಯ ಎಸ್‌ಎಂಪಿಎಸ್ ಮೇಲೆ ಭಾರ ಹಾಕದ ಗ್ರಾಫಿಕ್ಸ್ ಕಾರ್ಡುಗಳೂ ಇವೆ. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವಾಟ್‌ನಲ್ಲಿ, ಪ್ರತ್ಯೇಕ ವಿದ್ಯುತ್ ತಂತಿಯನ್ನೇ ಕೇಳದೆ ಕೆಲಸ ಮಾಡುತ್ತದೆ. ಹಳೆಯ 1050 ಟಿಐ ಬಳಸುತ್ತಿದ್ದುದು 75 ವಾಟ್. ಪ್ರೊಸೆಸರ್ ಬದಲಿಸಬೇಕಿದ್ದರೆ ಅದೇ ಬೋರ್ಡಿಗೆ ಹೊಂದುವ ಐ7-7700 ಎರಡನೇ ಕೈಯಲ್ಲಿ ಸಿಗುತ್ತದೆ.

ಆದರೆ ಇಲ್ಲಿ ಎಚ್ಚರ ತಪ್ಪಬಾರದು. ಅದಕ್ಕಿಂತ ಹೊಸ ಪ್ರೊಸೆಸರ್ ಬೇಕೆಂದರೆ ಹೊಸ ಮದರ್‌ಬೋರ್ಡ್ ಬೇಕು. ಇಂದಿನ ಬೋರ್ಡುಗಳಲ್ಲಿ ಹೆಚ್ಚಿನವು ಡಿಡಿಆರ್5 ರ‍್ಯಾಮನ್ನೇ ಕೇಳುವುದರಿಂದ ಕೈಯಲ್ಲಿರುವ ಡಿಡಿಆರ್4 ಅಲ್ಲಿ ಕೂರುವುದಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ದೊಡ್ಡದಾದರೆ ಎಸ್‌ಎಂಪಿಎಸ್ ಕೂಡ ಬದಲಾಗಬೇಕು. ಒಂದು ಗೂಟ ಕಿತ್ತರೆ ಬೇಲಿಯೇ ಬರುವಂತೆ ಒಂದು ಭಾಗದ ಹಿಂದೆ ನಾಲ್ಕು ಭಾಗಗಳು ಬರುತ್ತವೆ. ಸುಧಾರಣೆಯ ಖರ್ಚು ಹೊಸ ಯಂತ್ರದ ಬೆಲೆಯ ಅರ್ಧ ದಾಟಿತೆಂದರೆ, ಅಥವಾ ಒಂದರ ಹಿಂದೆ ಒಂದು ಭಾಗ ಕೈಕೊಡುತ್ತಿದೆಯೆಂದರೆ, ಬದಲಾವಣೆಯ ಯೋಚನೆ ತಪ್ಪಲ್ಲ. ಆಗಲೂ ಕ್ಯಾಬಿನೆಟ್, ಮಾನಿಟರ್, ಕೀಲಿಮಣೆ, ಎಸ್‌ಎಸ್‌ಡಿ ಇವನ್ನು ಉಳಿಸಿಕೊಂಡು ಒಳಗಿನ ಮೂರು ಭಾಗಗಳನ್ನಷ್ಟೇ ಬದಲಿಸುವ ದಾರಿ ಇದ್ದೇ ಇರುತ್ತದೆ. ಬಿಡಿಭಾಗಗಳ ಕಂಪ್ಯೂಟರಿನ ದೊಡ್ಡ ಗುಣವೇ ಅದು. ಮೊಬೈಲಿಗೆ ಆ ಭಾಗ್ಯವಿಲ್ಲ.

ಬೆಲೆಯ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನೂ ನೋಡಬೇಕು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮರಣೆಯ ಚಿಪ್ಪುಗಳನ್ನು ಬಾಚಿಕೊಂಡದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಕಡಿದಾಗಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ ಗೃಹಬಳಕೆದಾರರಿಗೆಂದು ನಡೆಸುತ್ತಿದ್ದ ‘ಕ್ರೂಷಿಯಲ್’ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಹಳೆಯ ಯಂತ್ರದಲ್ಲಿರುವ ರ‍್ಯಾಮ್ ಕಡ್ಡಿ ಕಸವಲ್ಲ, ಸೊತ್ತು ಎಂಬುದನ್ನು ಮಾರುಕಟ್ಟೆಯೇ ನೆನಪಿಸಿತು.

ಇನ್ನೊಂದು ವಾದವನ್ನು ಪ್ರಾಮಾಣಿಕವಾಗಿ ಎದುರಿಸಬೇಕು: “ಹೊಸ ಯಂತ್ರ ವಿದ್ಯುತ್ ಉಳಿಸುತ್ತದೆ, ಆದ್ದರಿಂದ ಬದಲಿಸುವುದೇ ಪರಿಸರಕ್ಕೆ ಒಳ್ಳೆಯದು.” ಫ್ರಿಜ್ಜಿನ ವಿಷಯದಲ್ಲಿ ಈ ಮಾತು ಎಷ್ಟೋ ಸಲ ನಿಜ. ಕಂಪ್ಯೂಟರಿನ ವಿಷಯದಲ್ಲಿ ಲೆಕ್ಕ ಬೇರೆ. ದಿನಕ್ಕೆ 3 ಗಂಟೆಯಂತೆ ವರ್ಷಕ್ಕೆ 300 ದಿನ ಆಡಿದರೆ 900 ಗಂಟೆ. ಹೊಸ ಯಂತ್ರ 50 ವಾಟ್ ಉಳಿಸುತ್ತದೆ ಎಂದುಕೊಂಡರೂ ವರ್ಷದ ಉಳಿತಾಯ 45 ಯೂನಿಟ್. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಎಂದರೆ ಉಳಿಯುವುದು ವರ್ಷಕ್ಕೆ 32 ಕಿಲೋದಷ್ಟು. ಹೊಸ ಯಂತ್ರದ ತಯಾರಿಕೆಯ ಹೊರೆ 200 ಕಿಲೋ ಎಂದಿಟ್ಟುಕೊಂಡರೂ ಅದನ್ನು ತೀರಿಸಲು ಆರು ವರ್ಷ ಮೀರುತ್ತದೆ. ಅಷ್ಟರಲ್ಲಿ ಆ ಯಂತ್ರವೂ ‘ಹಳೆಯದು’ ಎನಿಸಿಕೊಂಡಿರುತ್ತದೆ. ಇದೂ ಉಳಿತಾಯ ಆದರೆ ಮಾತ್ರ. ವಾಸ್ತವದಲ್ಲಿ ಆಟದ ಯಂತ್ರಗಳ ಹಸಿವು ಏರುತ್ತಲೇ ಇದೆ: 2016ರ ಮೇಲ್ದರ್ಜೆಯ ಜಿಟಿಎಕ್ಸ್ 1080 ಕಾರ್ಡಿನ ಬಳಕೆ 180 ವಾಟ್; 2025ರ ಆರ್‌ಟಿಎಕ್ಸ್ 5090ರದು 575 ವಾಟ್.

ತಯಾರಿಕೆಯ ಹೊರೆ ಕಣ್ಣಿಗೆ ಕಾಣುವುದಿಲ್ಲ, ಅದೇ ತೊಡಕು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ತಜ್ಞರು ಎರಡು ದಶಕಗಳ ಹಿಂದೆ ಮಾಡಿದ ಅಧ್ಯಯನದ ಪ್ರಕಾರ, ಅಂದಿನ ಒಂದು ಮೇಜಿನ ಕಂಪ್ಯೂಟರು ಮತ್ತು 17 ಇಂಚಿನ ಗಾಜಿನ ಕೊಳವೆಯ ಮಾನಿಟರಿನ ತಯಾರಿಕೆಗೆ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ಬೇಕಾಗಿತ್ತು. ಕಾರು ಅಥವಾ ಫ್ರಿಜ್ ತಯಾರಿಸಲು ಅದರ ತೂಕದ ಒಂದೆರಡು ಪಟ್ಟು ಇಂಧನ ಸಾಕಾದರೆ, ಕಂಪ್ಯೂಟರಿಗೆ ಹತ್ತು ಪಟ್ಟು. ಮಾನಿಟರುಗಳು ಇಂದು ಬದಲಾಗಿವೆ, ಅಂಕಿಗಳೂ ಬದಲಾಗಿರಬೇಕು. ಆದರೆ ಅತಿ ಶುದ್ಧ ಸಿಲಿಕಾನ್ ಬಿಲ್ಲೆಯ ಮೇಲೆ ಸೂಕ್ಷ್ಮ ಗೆರೆಗಳನ್ನು ಕೊರೆಯುವ ಉದ್ಯಮ ಇಂದಿಗೂ ನೀರು, ವಿದ್ಯುತ್ತು, ರಾಸಾಯನಿಕಗಳನ್ನು ಕುಡಿದೇ ಬದುಕುತ್ತದೆ.

ಆಜ್ಞೆಯಿಂದ ಬರುವ ಮುಪ್ಪು

ಸವೆದು ಬರುವ ಮುಪ್ಪು ಒಂದು. ಬೇಡಿಕೆ ಹೆಚ್ಚಿ ಯಂತ್ರ ಸಾಲದಾಗುವ ಮುಪ್ಪು ಇನ್ನೊಂದು. ಮೂರನೆಯದು ತಯಾರಕರ ಕಚೇರಿಯಲ್ಲಿ ಹುಟ್ಟುವ, ಆಜ್ಞೆಯ ಮುಪ್ಪು. ಮೊದಲೆರಡಕ್ಕೆ ಬಳಕೆದಾರರು ಮದ್ದು ಹುಡುಕಬಹುದು. ಮೂರನೆಯದಕ್ಕೆ ಒಬ್ಬೊಬ್ಬರ ಜಾಣತನ ಸಾಲದು.

ಅದೇ 2017ರಲ್ಲಿ ನಡೆದ ಎರಡು ನಿರ್ಧಾರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಇಂಟೆಲ್ ಆ ವರ್ಷದ ಅಕ್ಟೋಬರಿನಲ್ಲಿ ಮೇಜಿನ ಕಂಪ್ಯೂಟರುಗಳಿಗೆಂದು ಎಂಟನೇ ಪೀಳಿಗೆಯ ಪ್ರೊಸೆಸರುಗಳನ್ನು ತಂದಿತು. ಅವು ಕೂರುವ ಸಾಕೆಟ್ಟಿನ ಆಕಾರ ಹಿಂದಿನದೇ, ಹೆಸರೂ ಎಲ್‌ಜಿಎ 1151 ಎಂದೇ. ಆದರೂ ಕೆಲವೇ ತಿಂಗಳ ಹಿಂದೆ ಕೊಂಡಿದ್ದ ಬೋರ್ಡುಗಳಲ್ಲಿ ಅವಕ್ಕೆ ಅಧಿಕೃತವಾಗಿ ಜಾಗವಿರಲಿಲ್ಲ. ಎಎಂಡಿ ಅದೇ ವರ್ಷ ತನ್ನ ರೈಜನ್ ಪ್ರೊಸೆಸರುಗಳನ್ನು ಎಎಂ4 ಸಾಕೆಟ್ಟಿನಲ್ಲಿ ತಂದಿತು. ಆಗಿನ ಅನೇಕ ಬೋರ್ಡುಗಳು ಬಯಾಸ್ ನವೀಕರಿಸಿದರೆ 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಪ್ರೊಸೆಸರನ್ನೂ ಹೊರಬಲ್ಲವು. ಒಂದೇ ವರ್ಷ ಕೊಂಡ ಎರಡು ಯಂತ್ರಗಳಲ್ಲಿ ಒಂದಕ್ಕೆ ಐದು ವರ್ಷಗಳ ಬೆಳವಣಿಗೆಗೆ ಬಾಗಿಲು ತೆರೆದಿತ್ತು, ಇನ್ನೊಂದಕ್ಕೆ ಅದೇ ವರ್ಷ ಮುಚ್ಚಿತು. ಆಯುಷ್ಯವನ್ನು ಬರೆಯುವುದು ವಿನ್ಯಾಸಕಾರರ ಮೇಜಿನ ಮೇಲೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೊಸದನ್ನು ಕೊಳ್ಳುವವರೂ ‘ಎಷ್ಟು ವೇಗ’ ಎಂದು ಕೇಳುವ ಮೊದಲು ‘ಮುಂದೆ ಇದರಲ್ಲಿ ಏನೇನು ಬದಲಿಸಬಹುದು’ ಎಂದು ಕೇಳುವುದು ಲೇಸು.

ತಂತ್ರಾಂಶದ ಆಜ್ಞೆ ಇನ್ನೂ ಬಲವಾದದ್ದು. ವಿಂಡೋಸ್ 10 ಬಳಸುತ್ತಿದ್ದ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ತಿದ್ದುಪಡಿಗಳನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಘೋಷಿಸಿತು; ಅದಕ್ಕೆ 30 ಡಾಲರ್ ಶುಲ್ಕ, ಇಲ್ಲವೆ ಕಂಪ್ಯೂಟರಿನ ಹೊಂದಿಕೆಗಳನ್ನು ಸಂಸ್ಥೆಯ ಖಾತೆಗೆ ಒಪ್ಪಿಸುವಂಥ ಷರತ್ತು ಇತ್ತು. ಯುರೋಪಿನ ಬಳಕೆದಾರರ ಸಂಘಟನೆಗಳು ಆಕ್ಷೇಪವೆತ್ತಿದ ಬಳಿಕ, 2025ರ ಸೆಪ್ಟೆಂಬರಿನಲ್ಲಿ ಐರೋಪ್ಯ ಆರ್ಥಿಕ ವಲಯದ ಬಳಕೆದಾರರಿಗೆ ಅದನ್ನು ಉಚಿತಗೊಳಿಸಿ ಷರತ್ತನ್ನೂ ಸಡಿಲಿಸಲಾಯಿತು. ತಂತ್ರಜ್ಞಾನದ ಅನಿವಾರ್ಯತೆ ಎಂದು ಹೇಳಲಾಗಿದ್ದು ಸಂಘಟಿತ ದನಿಯೆದುರು ಮಣಿಯಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನು ಮತ್ತು ಟ್ಯಾಬ್ಲೆಟ್ಟುಗಳಿಗೆ, ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ನವೀಕರಣ ಒದಗಿಸಬೇಕೆಂಬ ನಿಯಮವಿದೆ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪುಗಳ ಮೇಲೂ ‘ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದು’ ಎಂಬ ಅಂಕವನ್ನು ಪ್ರದರ್ಶಿಸಬೇಕು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ವರ್ಷಾಂತ್ಯಕ್ಕೆ ಒಂದು ಜಾಲತಾಣವನ್ನೂ ತೆರೆಯಿತು. ಹಕ್ಕು ಜಾಲತಾಣದಿಂದಿಳಿದು ಕಾನೂನಿನ ಬಲ ಪಡೆಯಬೇಕು. ಅದರಲ್ಲಿ ಬಿಡಿಭಾಗದಷ್ಟೇ ಮುಖ್ಯವಾಗಿ ತಂತ್ರಾಂಶದ ಆಯುಷ್ಯವೂ ಸೇರಬೇಕು.

ಹಿತ್ತಲ ದಾರಿ

ಬದಲಿಸಿದ ಯಂತ್ರ ಎಲ್ಲಿಗೆ ಹೋಗುತ್ತದೆ? ಮೊದಲು ಅಟ್ಟಕ್ಕೆ, ಅಲ್ಲಿಂದ ಗುಜರಿಯವನ ಗಾಡಿಗೆ. ಗುಜರಿಯವನದು ತಪ್ಪಲ್ಲ, ಅವನಿಗೆ ತಾಮ್ರದಲ್ಲಿ ಹೊಟ್ಟೆಪಾಡು. ಆದರೆ ಪಿವಿಸಿ ಹೊದಿಕೆಯ ತಂತಿಯನ್ನು ತಾಮ್ರಕ್ಕಾಗಿ ಬಯಲಲ್ಲಿ ಸುಟ್ಟರೆ ಡಯಾಕ್ಸಿನ್‌ಗಳು ಹೊರಬರುತ್ತವೆ. ಸರ್ಕ್ಯೂಟ್ ಬೋರ್ಡನ್ನು ಆಮ್ಲದಲ್ಲಿ ತೊಳೆದರೆ ಸೀಸದಂಥ ಲೋಹಗಳು ನೀರು ಸೇರುತ್ತವೆ. ದೆಹಲಿಯ ಸೀಲಂಪುರ, ರಾಮಗಂಗಾ ನದಿಯ ದಂಡೆಯ ಮೊರಾದಾಬಾದ್ ಇದರ ಬೆಲೆ ತೆತ್ತ ಊರುಗಳು. ಜಾಗತಿಕ ಇ-ತ್ಯಾಜ್ಯದ ಕುರಿತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯಂತೆ, 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಹೊಣೆ ಹೊರಿಸಿವೆ. ಕರ್ನಾಟಕದಲ್ಲಿ ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಮರುಬಳಕೆ ಘಟಕಗಳಿವೆ. ಆದರೆ ಘಟ್ಟದ ಹಳ್ಳಿಗೂ ದಾಬಸ್‌ಪೇಟೆಗೂ ನಡುವೆ ಇನ್ನೂರು ಮುನ್ನೂರು ಕಿಲೋಮೀಟರ್ ಇದೆ; ಆ ದಾರಿಯನ್ನು ಹತ್ತು ಕಿಲೋದ ಒಂದು ಡಬ್ಬಿ ಒಂಟಿಯಾಗಿ ಕ್ರಮಿಸಲಾರದು. ಸಹಕಾರ ಸಂಘಗಳು ಅಡಿಕೆ ಮೂಟೆಗೆ ಗೋದಾಮು ಕಟ್ಟಿವೆ. ವರ್ಷಕ್ಕೊಮ್ಮೆ ಇ-ತ್ಯಾಜ್ಯಕ್ಕೂ ಒಂದು ಮೂಲೆ ಬಿಟ್ಟುಕೊಟ್ಟರೆ, ಒಂದು ಲಾರಿಯಷ್ಟು ಸೇರಿದ ದಿನ ಅಧಿಕೃತ ಘಟಕವನ್ನೇ ಕರೆಸಬಹುದು.

ಹಾಗಾದರೆ ಆ ಜಗುಲಿಯ ಅಪ್ಪ ಮಗ ಏನು ಮಾಡಬೇಕು? ಮೊದಲು ಕ್ಯಾಬಿನೆಟ್ ಬಿಚ್ಚಿ ಧೂಳು ಕೊಡವಬೇಕು. ಆಮೇಲೆ ಕೊರತೆ ಯಾವುದೆಂದು ಅಳೆದು, ಅದೊಂದನ್ನೇ ನೀಗಿಸಬೇಕು. ಭದ್ರತೆಯ ತಿದ್ದುಪಡಿಯಿಲ್ಲದ ತಂತ್ರಾಂಶದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯವಾದ್ದರಿಂದ, ಆ ದಿನ ಬಂದಾಗ ಲಿನಕ್ಸ್ ಹಾಕಿಕೊಳ್ಳಬಹುದು. ವಾಲ್ವ್ ಸಂಸ್ಥೆ 2018ರಲ್ಲಿ ತಂದ ಪ್ರೋಟಾನ್ ಎಂಬ ಸೇತುವೆಯಿಂದಾಗಿ ವಿಂಡೋಸ್‌ನ ಬಹಳಷ್ಟು ಆಟಗಳು ಇಂದು ಲಿನಕ್ಸಿನಲ್ಲೂ ಓಡುತ್ತವೆ. ಎಲ್ಲವೂ ಅಲ್ಲ: ಮೋಸತಡೆ ತಂತ್ರಾಂಶವನ್ನು ಯಂತ್ರದ ಆಳಕ್ಕಿಳಿಸುವ ವ್ಯಾಲೊರಂಟ್‌ನಂಥ ಆಟಗಳು ಅಲ್ಲಿ ನಡೆಯುವುದಿಲ್ಲ. ಮಗನ ಗೆಳೆಯರೆಲ್ಲ ಆಡುವುದು ಅದನ್ನೇ ಆಗಿದ್ದರೆ ಆ ನಷ್ಟ ಚಿಕ್ಕದೆಂದು ಹಿರಿಯರು ನಗಬಾರದು. ಅವನು ಅದನ್ನು ತೂಗಿ ನೋಡಲಿ. ಒಂದು ಆಟಕ್ಕಾಗಿ ಇಡೀ ಯಂತ್ರವನ್ನು ಬದಲಿಸುವುದೇ ಸರಿ ಎನಿಸಿದರೆ, ಹಳೆಯದು ಅಟ್ಟ ಸೇರದೆ ಪಿಯುಸಿ ಓದುತ್ತಿರುವ ತಂಗಿಯ ಮೇಜು ಸೇರಲಿ, ಅಥವಾ ಊರ ಶಾಲೆಯ ಕೋಣೆಗೆ ಹೋಗಲಿ.

ಯಾವ ತೀರ್ಮಾನವಾದರೂ ಸರಿಯೇ. ಅದು ತೆರೆಯ ಮೇಲೆ ಮೂಡಿದ ಒಂದು ಸೂಚನೆಗೆ ಹೆದರಿ ಕೈಗೊಂಡದ್ದಾಗಬಾರದು. ಕೈಯಾರೆ ಬಿಚ್ಚಿ, ಅಳೆದು, ಸೋರುತ್ತದೆಯೇ ಎಂದು ನೋಡಿ ಕೈಗೊಂಡದ್ದಾಗಬೇಕು.